ಡಬ್ಬಿ ತೋರಿಸುವ ವಾಚು, ನನ್ನ ಮೊದಲ ಆಪು

ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು. ಫೋನು ಬ್ಯಾಗಿನಲ್ಲಿ. ಕೈಯಲ್ಲಿದ್ದ ಎರಡು ಸಾವಿರ ಚಿಲ್ಲರೆಯ ಸ್ಮಾರ್ಟ್‌ವಾಚು ಗುರ್ ಅಂತು. ನೋಡಿದರೆ ಅಮ್ಮನ ಮೆಸೇಜು. ಎರಡು ಸಾಲು ಬರೀ ಚೌಕ ಚೌಕ ಡಬ್ಬಿಗಳು, ಕೊನೆಗೊಂದು ಫುಲ್‌ಸ್ಟಾಪು. ದಿನಾ ಕಳಿಸುವ ಶುಭೋದಯವೇ ಇರಬೇಕು ಅಂದುಕೊಂಡು ಸುಮ್ಮನಾದೆ. ಎರಡು ಗಂಟೆ ಕಳೆದು ಫೋನ್ ತೆಗೆದರೆ, "ಅಪ್ಪಂಗೆ ತಲೆ ಸುತ್ತು ಬಂದು ಆಸ್ಪತ್ರೆಗೆ ಕರ್ಕಂಡು ಬಂದಿದೀವಿ. ಬಿಡುವಾದಾಗ ಫೋನ್ ಮಾಡು."

ಅಪ್ಪ ಈಗ ಆರಾಮಿದ್ದಾರೆ. (ಬಿಪಿ ಮಾತ್ರೆ ಎರಡು ದಿನ ಮರೆತಿದ್ದರಂತೆ. ಅಮ್ಮನಿಂದ ಸಾಕಷ್ಟು ಬೈಸಿಕೊಂಡಿದ್ದೂ ಆಯ್ತು.) ಆದರೆ ಆ ಡಬ್ಬಿಗಳು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಹಳೇ ಬ್ಲಾಗಿಗರಿಗೆ ಈ ಡಬ್ಬಿ ಹೊಸದಲ್ಲ ಬಿಡಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ "ನಿಮ್ಮ ಬ್ಲಾಗು ನನಗೆ ಬರೀ ಡಬ್ಬಿ ಡಬ್ಬಿಯಾಗಿ ಕಾಣ್ತಿದೆ" ಅಂತ ಯಾರೋ ಬರೆಯೋದು, ಸಿಡಿ ಹುಡುಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಸೇರಿಸಿಕೊಳ್ಳಿ ಅಂತ ನಾವು ತಾಳ್ಮೆಯಿಂದ ಉತ್ತರ ಕೊಡೋದು... ಎಷ್ಟು ಸಲ ಮಾಡಿಲ್ಲ! ಅದೇ ರೋಗ ಈಗ ಮಣಿಕಟ್ಟಿಗೆ ಬಂದಿದೆ. ಅಗ್ಗದ ವಾಚಿನಲ್ಲಿರೋದು ಆಂಡ್ರಾಯ್ಡ್ ಅಲ್ಲ, ಒಂದು ಪುಟ್ಟ ಚಿಪ್ಪು, ಪುಟ್ಟ ಸಿಸ್ಟಮ್ಮು. ಕನ್ನಡದ ಫಾಂಟು ತುರುಕಿದರಷ್ಟೇ ಸಾಲದು. 'ಅಮ್ಮ' ಅನ್ನೋದು ಯೂನಿಕೋಡಿನಲ್ಲಿ ಅ, ಮ, ವಿರಾಮ, ಮ ಅಂತ ನಾಲ್ಕು ಸಂಕೇತ. ಅದನ್ನು ಸೇರಿಸಿ ಒತ್ತಕ್ಷರ ಕೂರಿಸುವ ತಂತ್ರಾಂಶ ಬೇರೆಯೇ ಬೇಕು. ಫೋನಿನಲ್ಲಿ ಅದಿದೆ, ಆ ವಾಚಿನಲ್ಲಿ ಇಲ್ಲ.

ಸರಿ, ಹೊಸ ವಾಚು ನೋಡೋಣ ಅಂತ ಹೊರಟೆ. ಇಂಟರ್ನೆಟ್ಟಿನಲ್ಲಿ ಹೋಲಿಕೆಗಳಿಗೇನು ಬರ. ಬ್ಯಾಟರಿ ಎಷ್ಟು ದಿನ, ಎಷ್ಟು ಹೆಜ್ಜೆ ಎಣಿಸತ್ತೆ, ನಿದ್ದೆಗೆ ಎಷ್ಟು ಮಾರ್ಕು ಕೊಡತ್ತೆ. ಕನ್ನಡ ಕಾಣತ್ತಾ? ಆ ಕಾಲಮ್ಮೇ ಇಲ್ಲ. ಹಾಗಾಗಿ ನಾನು ನನ್ನದೇ ಎರಡು ಪ್ರಶ್ನೆ ಇಟ್ಟುಕೊಂಡೆ. ಅಮ್ಮನ ಮೆಸೇಜು ಓದಬಹುದಾ? ಗಡಿಯಾರದ ಮುಖಕ್ಕೆ ನಾನೇ ಕನ್ನಡ ಅಂಕಿ ಹಾಕಬಹುದಾ?

ಆಪಲ್ ವಾಚು ಎರಡನೇ ಪ್ರಶ್ನೆಯಲ್ಲೇ ಬಿತ್ತು. ೨೦೧೫ರಿಂದ ಮಾರುಕಟ್ಟೆಯಲ್ಲಿದೆ, ಚೆನ್ನಾಗೂ ಇದೆ, ಆದರೆ ಅದರ ಮುಖ ಮಾಡುವ ಹಕ್ಕು ಆಪಲ್‌ನವರಿಗೆ ಮಾತ್ರ. ನಾವು ಆಪ್ ಬರೀಬಹುದು, ಅದಕ್ಕೂ ಮ್ಯಾಕ್ ಕಂಪ್ಯೂಟರ್ ಬೇಕು, ಅಂಗಡಿಯಲ್ಲಿಡೋಕೆ ವರ್ಷಕ್ಕೆ ೯೯ ಡಾಲರ್. ಗಾರ್ಮಿನ್ ಇಷ್ಟವಾಯ್ತು. ಅದರ ಪ್ರೋಗ್ರಾಮಿಂಗ್ ಭಾಷೆಯ ಹೆಸರೇ ಮಂಕಿ ಸಿ :) ಅಂಕಿಗಳನ್ನು ಚಿತ್ರದ ಫಾಂಟಾಗಿ ಮಾಡಿ ಹಾಕಬಹುದು. ಬೆಲೆ ನೋಡಿ ಕೈ ಮುಗಿದೆ. ಪೆಬಲ್ ನೆನಪಾಗಿ ಬೇಜಾರೂ ಆಯ್ತು. ೨೦೧೨ರಲ್ಲಿ ಜನರಿಂದಲೇ ಒಂದು ಕೋಟಿ ಡಾಲರಿಗೂ ಹೆಚ್ಚು ಎತ್ತಿ ಶುರುವಾದದ್ದು, ೨೦೧೬ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಆಮೇಲೂ ಬಳಕೆದಾರರೇ ಸೇರಿ ಆ ವಾಚುಗಳನ್ನು ಸಾಯದಂತೆ ನೋಡಿಕೊಂಡರು. ೨೦೨೫ರಲ್ಲಿ ಗೂಗಲ್ ಅದರ ಸೋರ್ಸ್ ಕೋಡನ್ನೇ ಬಿಡುಗಡೆ ಮಾಡಿತು.

ಕೊನೆಗೆ ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಗ್ಯಾಲಕ್ಸಿ ವಾಚ್ ೪. ವೇರ್ ಓಎಸ್. ಅಮ್ಮನ ಮೆಸೇಜು ಅಕ್ಷರವಾಗಿಯೇ ಬಂತು. ದಿನಾ ಚಾರ್ಜ್ ಮಾಡಬೇಕು ಅಂತ ಎಲ್ಲರೂ ಗೊಣಗುತ್ತಾರೆ. ಅಪ್ಪ ತಮ್ಮ ಎಚ್‌ಎಂಟಿಗೆ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಡ್ತಿದ್ದರು, ಒಂದು ದಿನವೂ ಗೊಣಗಿದ್ದು ನೆನಪಿಲ್ಲ. ನೀವು ವಾಚು ಕೊಳ್ಳೋ ಹಾಗಿದ್ದರೆ ಅಂಗಡಿಯಲ್ಲೇ ಫೋನಿಗೆ ಜೋಡಿಸಿ, ಯಾರಿಂದಾದರೂ 'ಕ್ಷೇತ್ರ', 'ಕೃಷ್ಣ', 'ಅಮ್ಮ' ಅಂತ ಮೆಸೇಜು ಕಳಿಸಿಕೊಂಡು ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಇನ್ನು ಆಪಿನ ಕತೆ. ನಾನು ಲೆಕ್ಕಪತ್ರದವನು, ಪ್ರೋಗ್ರಾಮರ್ ಅಲ್ಲ. "ಮೊದಲು ಕೋರ್ಸ್ ಮಾಡು" ಅಂದವರೇ ಜಾಸ್ತಿ. ನನ್ನ ಅಭಿಪ್ರಾಯ ಬೇರೆ. ನಿಮ್ಮನ್ನು ಕಾಡುವ ಅತಿ ಸಣ್ಣ ವಿಷಯ ಹಿಡಿದು ಕೂತುಬಿಡಿ. ಆಂಡ್ರಾಯ್ಡ್ ಸ್ಟುಡಿಯೋ ಪುಕ್ಕಟೆ. ವಾಚಿಲ್ಲದಿದ್ದರೂ ಕಂಪ್ಯೂಟರಿನೊಳಗೇ ಒಂದು ವಾಚು ತೆರೆದುಕೊಳ್ಳತ್ತೆ. (ನನ್ನ ಎಂಟು ಜಿಬಿ ಲ್ಯಾಪ್‌ಟಾಪು ರುಬ್ಬುಕಲ್ಲಿನ ಹಾಗೆ ಸದ್ದು ಮಾಡಿತು.) ಮೊದಲು ಫೋನಿಗೆ, ಕಾಟ್ಲಿನ್ ಭಾಷೆಯಲ್ಲಿ, ಸಮಯವನ್ನು ಕನ್ನಡ ಅಂಕಿಯಲ್ಲಿ ತೋರಿಸುವ ಆಪು. ಗುಟ್ಟು ಇಷ್ಟೇ. ಯೂನಿಕೋಡಿನಲ್ಲಿ ಇಂಗ್ಲಿಷ್ ಸೊನ್ನೆಯ ಸಂಖ್ಯೆ ೪೮, ಕನ್ನಡ ಸೊನ್ನೆಯದು ೩೩೦೨. ಪ್ರತಿ ಅಂಕಿಗೂ ೩೨೫೪ ಕೂಡಿಸಿದರೆ ಕನ್ನಡ ಬಂತು. ಒತ್ತಕ್ಷರದ ಗೋಜಿಲ್ಲ. ಕೂಡೋ ಲೆಕ್ಕ ನನ್ನ ಕಸುಬು ತಾನೆ!

ವಾಚಿನ ಮುಖಕ್ಕೆ ಅದೂ ಬೇಡ. ೨೦೨೩ರಲ್ಲಿ ಬಂದ ವಾಚ್ ಫೇಸ್ ಫಾರ್ಮ್ಯಾಟಿನಲ್ಲಿ ಪ್ರೋಗ್ರಾಮೇ ಇಲ್ಲ, ಬರೀ ಎಕ್ಸ್‌ಎಂಎಲ್ ಕಡತ. ಹತ್ತು ಅಂಕಿಗೆ ಹತ್ತು ಚಿತ್ರ ಬರೆದು ಜೋಡಿಸಿದೆ. ಮೊದಲ ದಿನ ಹೆಂಡತಿ ನನ್ನ ಕೈ ನೋಡಿ "ಅಯ್ಯೋ, ಒಂಬತ್ತಾಯ್ತಾ!" ಅಂತ ಹಾರಿಬಿದ್ದಳು. ಆಗಿದ್ದು ಆರು. ಅಷ್ಟು ಚಿಕ್ಕ ತೆರೆಯಲ್ಲಿ ೬ ಮತ್ತು ೯ ಅವಳಿಜವಳಿ ಅಂತ ಯಾರಿಗೆ ಗೊತ್ತಿತ್ತು? ೯ರ ಬಾಲ ಉದ್ದ ಮಾಡಿ, ಗೆರೆ ದಪ್ಪ ಮಾಡಿ, ಮೂರು ರಾತ್ರಿ ಕಳೆದೆ. ಈಗ ತಪ್ಪಾಗಲ್ಲ. ಅಪ್ಪನಿಗೂ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಎರಡು ನಿಮಿಷ ಮುಂದಿದೆಯಲ್ಲೋ" ಅಂದರು. ಅವರ ಎಚ್‌ಎಂಟಿ ಎರಡು ನಿಮಿಷ ಹಿಂದಿತ್ತು.

ಎಲ್ಲರಿಗೂ ಸಿಗಲಿ ಅಂತ ಪ್ಲೇ ಸ್ಟೋರಿಗೆ ಹೊರಟಿದ್ದೇನೆ. ಒಂದೇ ಸಲ ೨೫ ಡಾಲರ್ ಕಟ್ಟಿದರೆ ಆಯ್ತು. ಆದರೆ ಹೊಸದಾಗಿ ಸ್ವಂತ ಹೆಸರಲ್ಲಿ ಖಾತೆ ತೆರೆದವರು ಕನಿಷ್ಠ ೧೨ ಜನರಿಂದ ಸತತ ೧೪ ದಿನ ಪರೀಕ್ಷೆ ಮಾಡಿಸಬೇಕಂತೆ. ಲೆಕ್ಕ ಹಾಕಿದೆ. ಹೆಂಡತಿ, ತಮ್ಮ, ಆಫೀಸಿನ ಇಬ್ಬರು, ಒಟ್ಟು ನಾಲ್ಕು. ಎಂಟು ಜನ ಕಮ್ಮಿ. ವೇರ್ ಓಎಸ್ ವಾಚಿರುವ ಬ್ಲಾಗಿಗರೇ, ಕಾಮೆಂಟಿನಲ್ಲಿ ಒಂದು ಮಾತು ಹಾಕಿ. ಯಾವ ಅಂಕಿ ಯಾವುದರ ಹಾಗೆ ಕಾಣ್ತು ಅಂತಲೂ ಬರೀರಿ, ೧ ಮತ್ತು ೦ ಬಗ್ಗೆ ನನಗಿನ್ನೂ ಅನುಮಾನ ಇದೆ.