ನಾಯಿಗ್ಯಾಕ ಡಾಕ್ಟರು?

ಕೃಷ್ಣೆಯ ದಂಡೆಯ ನಮ್ಮ ಜುಗೂಳದ ಕಡೆ ಎಚ್‌ಎಫ್ ಆಕಳಿಗೆ ಜ್ವರ ಬಂದರೆ ಮನೆಮಂದಿಗೆ ನಿದ್ದೆ ಹತ್ತುವುದಿಲ್ಲ. "ಥೈಲೇರಿಯಾ ಇರಬೇಕು, ಡಾಕ್ಟರಿಗೆ ಫೋನ್ ಹಚ್ಚು" ಎನ್ನುವಷ್ಟು ತಿಳಿವಳಿಕೆ ಹೈನು ಮಾಡುವವರಿಗೆ ಬಂದಿದೆ. ಅದು ಉಣ್ಣಿಯಿಂದ ಬರುವ ರೋಗವೆಂಬುದೂ ಗೊತ್ತು. ಅದೇ ಅಂಗಳದಲ್ಲಿ ನಾಯಿ ರೊಟ್ಟಿ ಬಿಟ್ಟು, ಮೂಗಿನಿಂದ ರಕ್ತ ಸೋರುತ್ತಾ ಬಿದ್ದಿದ್ದರೆ ಮಾತು ಬದಲಾಗುತ್ತದೆ: "ಯಾರೋ ವಿಷ ಹಾಕ್ಯಾರ." ಹೆಚ್ಚೆಂದರೆ, "ನಾಯಿಗ್ಯಾಕ ಡಾಕ್ಟರು?"

ನನ್ನ ಸಿಟ್ಟು ಈ ಪ್ರಶ್ನೆಯ ಮೇಲೆ. ಇದು ಬರೀ ಬಡತನದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಕಬ್ಬಿನ ಬಿಲ್ಲು ಕೈಗೆ ಬಂದವರೂ ಇದನ್ನೇ ಕೇಳುತ್ತಾರೆ. ರಾತ್ರಿಯಿಡೀ ಅವರ ಹೊಲ ಕಾಯುವುದು ಮಾತ್ರ ಅದೇ ನಾಯಿ.

ಮೂಗಿನ ಆ ರಕ್ತಕ್ಕೆ ಹಲವು ಸಲ ಕಾರಣ ವಿಷವಲ್ಲ, ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ. ಕಂದು ಉಣ್ಣಿ ಅದನ್ನು ನಾಯಿಯಿಂದ ನಾಯಿಗೆ ದಾಟಿಸುತ್ತದೆ. ಮೊದಲು ಜ್ವರ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲವೆಂಬಂತೆ ಓಡಾಟ, ಕೊನೆಗೆ ಕೆಲವು ನಾಯಿಗಳಲ್ಲಿ ಅಸ್ಥಿಮಜ್ಜೆಯೇ ಸೋಲುತ್ತದೆ. ಇದಕ್ಕೆ ಲಸಿಕೆ ಇಲ್ಲ, ಔಷಧವಿದೆ: ಡಾಕ್ಸಿಸೈಕ್ಲಿನ್. ದುಬಾರಿಯೇನಲ್ಲ, ಆದರೆ ಸುಮಾರು 4 ವಾರ ಕೊಡಬೇಕು. ನಾಲ್ಕನೇ ದಿನ ನಾಯಿ ಎದ್ದು ಬಾಲ ಅಲ್ಲಾಡಿಸಿತೆಂದು ಗುಳಿಗೆ ನಿಲ್ಲಿಸಿದರೆ ರೋಗ ಒಳಗೇ ಉಳಿಯಬಹುದು.

ಇದು ಮೊನ್ನೆ ಮೊನ್ನೆ ಬಂದ ಪಿಡುಗೂ ಅಲ್ಲ. ಎರ್ಲಿಕಿಯಾವನ್ನು 1935ರಲ್ಲೇ ಅಲ್ಜೀರಿಯಾದಲ್ಲಿ ಗುರುತಿಸಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನಾಯಿಗಳನ್ನು ಅದು ನೂರರ ಲೆಕ್ಕದಲ್ಲಿ ಕೊಂದಿತು. ಉಣ್ಣಿಯದೇ ಇನ್ನೊಂದು ರೋಗ ಬಬೇಸಿಯಾ, ಕೆಂಪು ರಕ್ತಕಣ ಒಡೆಯುವಂಥದ್ದು. ಅದರ ಗಿಬ್ಸೋನಿ ಎಂಬ ಜಾತಿಯನ್ನು ಪ್ಯಾಟನ್ 1910ರಲ್ಲಿ ವರ್ಣಿಸಿದ್ದು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಕಂಡು. ನೂರು ವರ್ಷ ದಾಟಿದರೂ ನಾವಿನ್ನೂ "ವಿಷ" ಎನ್ನುತ್ತಿದ್ದೇವೆ.

ಇನ್ನು ನಮ್ಮ ಮದ್ದುಗಳು! ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಬೆಳೆಗೆ ಹೊಡೆದು ಉಳಿದ ಕೀಟನಾಶಕ. ನಾಯಿ ಮೈ ನೆಕ್ಕುತ್ತದೆ. ವಿಷ ಹಾಕಿದವರು ಯಾರೆಂದು ಆಗ ಬೇರೆ ಹುಡುಕಬೇಕಾಗಿಲ್ಲ. ಅಲ್ಲದೆ ಕಂದು ಉಣ್ಣಿ ತನ್ನ ಬದುಕಿನ ಬಹುಪಾಲು ನಾಯಿಯ ಮೈಮೇಲೆ ಇರುವುದೇ ಇಲ್ಲ. ರಕ್ತ ಕುಡಿದು ಉದುರಿ ಗೋಡೆಯ ಬಿರುಕು ಸೇರುತ್ತದೆ, ಅಲ್ಲೇ ಪೊರೆ ಕಳಚುತ್ತದೆ, ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕು ಮೆತ್ತದೆ ನಾಯಿಯನ್ನಷ್ಟೇ ತೊಳೆದರೆ ಹೊಸ ಉಣ್ಣಿ ಮತ್ತೆ ಹತ್ತುತ್ತದೆ.

"ಇರೋ ಡಾಕ್ಟರು ದನಕ್ಕೇ ಸಾಲಂಗಿಲ್ಲ" ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಥೈಲೇರಿಯಾಕ್ಕೆ ಆಕಳ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡುವ ಸೂಕ್ಷ್ಮದರ್ಶಕದಲ್ಲೇ ನಾಯಿಯ ಬಬೇಸಿಯಾವನ್ನೂ ಹುಡುಕಬಹುದು. ಎರ್ಲಿಕಿಯಾ ಅದರಲ್ಲಿ ಪ್ರತಿಸಲ ಕಾಣದು. ಅದಕ್ಕೆ ಬೇರೆ ಪರೀಕ್ಷೆಗಳಿವೆ. ಬೇಕಾದದ್ದು ಹೊಸ ಕಟ್ಟಡವಲ್ಲ, ಒಂದು ಹನಿ ರಕ್ತ ತೆಗೆಯುವ ಮನಸ್ಸು.

ಪಕ್ಕದ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ. ಆ ಹೆಸರು ಬಂದರೆ ನಮಗೆಲ್ಲ ಎದೆ ಉಬ್ಬುತ್ತದೆ. ಉಣ್ಣಿ ಮಾತ್ರ ತಳಿ ನೋಡಿ ಕಚ್ಚುವುದಿಲ್ಲ. ತಳಿ ನೋಡಿ ಮರುಗುವವರು ನಾವು. ಮುಂದಿನ ಸಲ ಊರಲ್ಲಿ ದನದ ತಪಾಸಣೆ ಶಿಬಿರ ನಡೆದಾಗ ನಿಮ್ಮ ನಾಯಿಗೂ ಹಗ್ಗ ಹಾಕಿ ಕರೆತನ್ನಿ. ನಗುವವರು ನಗಲಿ. ಸಾಲು ಉದ್ದವಾದರೆ ಇಲಾಖೆ ಇನ್ನೊಂದು ಮೇಜು ಹಾಕಲೇಬೇಕಾಗುತ್ತದೆ.