ರಬ್ಬರ್ ಹಾಲಿನ ಪರೀಕ್ಷೆಯೂ ಬೆಳೆಗಾರರ ನ್ಯಾಯವೂ

ಹನಗೋಡು ಸೀಮೆಯ ರೈತರಿಗೆ ಲ್ಯಾಕ್ಟೋಮೀಟರು ಹೊಸ ವಸ್ತುವಲ್ಲ. ಹಾಲಿನಲ್ಲಿ ತೇಲುವ ಗಾಜಿನ ಕೊಳವೆಯ ಅಂಕಿಯನ್ನು ನೋಡಿ ಹಾಲಿನ ಗುಣವನ್ನು ಎಣಿಸುವ ಕ್ರಮವನ್ನು ಅವರು ಬಲ್ಲರಷ್ಟೆ. ಇದೇ ಜಾತಿಯ ಇನ್ನೊಂದು ಉಪಕರಣವು ರಬ್ಬರ್ ತೋಟಗಳಲ್ಲಿ ಉಂಟು. ಅದಕ್ಕೆ ಮೆಟ್ರೋಲ್ಯಾಕ್ ಎಂದು ಹೆಸರು. 20ನೆಯ ಶತಮಾನದ ಆದಿಭಾಗದಲ್ಲಿ ಮಲಯ, ಸಿಂಹಳಗಳ ತೋಟಗಳಲ್ಲಿ ಬಳಕೆಗೆ ಬಂದ ಇದು ಒಂದು ಗ್ಯಾಲನ್ ಹಾಲಿನಲ್ಲಿ ಎಷ್ಟು ಪೌಂಡು ಒಣ ರಬ್ಬರ್ ಇದೆಯೆಂಬುದನ್ನು ತೋರಿಸುತ್ತಿತ್ತು.

ಕರ್ಣಾಟಕದಲ್ಲಿ ರಬ್ಬರ್ ಮುಖ್ಯವಾಗಿ ದಕ್ಷಿಣ ಕನ್ನಡದ ಬೆಳೆ. 1964ನೆಯ ಇಸವಿಯ ಭಾರತ-ಸಿಂಹಳ ಒಪ್ಪಂದದ ಮೇರೆಗೆ ಹಿಂದಿರುಗಿದ ತಮಿಳು ಕುಟುಂಬಗಳ ಜೀವನೋಪಾಯಕ್ಕಾಗಿ ಸುಳ್ಯ, ಪುತ್ತೂರು ಸೀಮೆಗಳಲ್ಲಿ ಸರ್ಕಾರದ ತೋಟಗಳೂ ಎದ್ದವು. ರಬ್ಬರನ್ನು ಹಾಲಿನ ರೂಪದಲ್ಲಿ ಮಾರುವವನಿಗೆ ಹಣ ಸಲ್ಲುವುದು ಹಾಲಿನ ತೂಕಕ್ಕಲ್ಲ, ಅದರೊಳಗಿನ ಒಣ ರಬ್ಬರಿಗೆ. ಈ ಅಂಶವು ಸಾಮಾನ್ಯವಾಗಿ ನೂರಕ್ಕೆ 30ರಿಂದ 40ರವರೆಗೆ ಇರುತ್ತದೆ.

ರಬ್ಬರ್ ನೀರಿಗಿಂತ ಹಗುರ. ಆದಕಾರಣ ರಬ್ಬರಿನ ಅಂಶ ಹೆಚ್ಚಿದಷ್ಟೂ ಮೆಟ್ರೋಲ್ಯಾಕ್ ಹಾಲಿನಲ್ಲಿ ಆಳಕ್ಕೆ ಇಳಿಯುವುದು. ಗಟ್ಟಿ ಹಾಲಿನಲ್ಲಿ ಅದು ಸರಾಗವಾಗಿ ಚಲಿಸದ ಕಾರಣ, ಒಂದು ಪಾಲು ಹಾಲಿಗೆ ಎರಡು ಪಾಲು ನೀರು ಬೆರಸಿ, ನೊರೆ ತೆಗೆದು, ಕೊಳವೆಯು ಸ್ಥಿರವಾಗಿ ನಿಂತ ಮೇಲೆ ಅಂಕಿಯನ್ನು ಓದಿ ಮೂರರಿಂದ ಗುಣಿಸುವುದು ವಾಡಿಕೆ. ಅಪಾಯವಿರುವುದು ಇಲ್ಲಿಯೇ. ಓದುವಾಗ 1 ತಪ್ಪಿದರೆ ಲೆಕ್ಕದಲ್ಲಿ 3 ತಪ್ಪುತ್ತದೆ. ದಿನಕ್ಕೆ 100 ಕಿಲೋ ಹಾಲು ತರುವವನು 3 ಕಿಲೋ ರಬ್ಬರಿನ ಬೆಲೆಯನ್ನು ಕಳೆದುಕೊಳ್ಳುವನು. ನೂರು ದಿನಗಳಲ್ಲಿ 300 ಕಿಲೋ! ಹಾಲು ತಣ್ಣಗಿದ್ದರೂ ಅದರ ಸಾಂದ್ರತೆ ಏರಿ ಅಂಕಿಯು ಇಳಿಯುವುದು. ಇವು ಯಾರ ವಂಚನೆಯೂ ಇಲ್ಲದೆ ಆಗತಕ್ಕ ನಷ್ಟಗಳು.

ನಿಜವಾದ ಪರೀಕ್ಷೆ ಬೇರೆಯೇ ಇದೆ. ಸ್ವಲ್ಪ ಹಾಲನ್ನು ತೂಗಿ, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ತೆಳ್ಳಗೆ ಒತ್ತಿ ತೊಳೆದು, ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಣಗಿಸಿ ಮತ್ತೆ ತೂಗುವುದು. ಇದಕ್ಕೆ ಬಹುಕಾಲ ಹಿಡಿಯುವುದರಿಂದ ದಿನವೂ ಅಸಾಧ್ಯವೆಂದು ಕೊಳ್ಳುವವರು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಆದರೆ ದಿನದ ಹಣವನ್ನು ಮೆಟ್ರೋಲ್ಯಾಕಿನ ಮೇಲೆ ಕೊಟ್ಟು, ವಾರಕ್ಕೊಮ್ಮೆ ತೂಕದ ಪರೀಕ್ಷೆಯಿಂದ ಲೆಕ್ಕವನ್ನು ಸರಿಪಡಿಸಲು ಅಡ್ಡಿಯೇನು?

ಈ ವಿಚಾರವು ರಬ್ಬರ್ ಬೆಳೆಯದ ಹುಣಸೂರು ತಾಲ್ಲೂಕಿಗೂ ಸಲ್ಲುವುದು. ಹಾಲಿನ ಕೆನೆ ತೆಗೆದರೆ ಲ್ಯಾಕ್ಟೋಮೀಟರಿನ ಅಂಕಿ ಏರುವುದು, ನೀರು ಬೆರಸಿದರೆ ಇಳಿಯುವುದು. ಎರಡನ್ನೂ ಮಾಡಿದವನ ಹಾಲು ಶುದ್ಧವೆಂದು ತೋರಬಹುದು. ಈ ಕೊರತೆಯಿಂದಲೇ ಕೊಬ್ಬನ್ನು ನೇರವಾಗಿ ಅಳೆಯುವ ಗರ್ಬರ್ ಪರೀಕ್ಷೆಯು 1891ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. ಇಂದು ಅನೇಕ ಹಾಲಿನ ಸಂಘಗಳಲ್ಲಿರುವ ವಿದ್ಯುತ್ ಯಂತ್ರಗಳನ್ನೂ ಆಗಾಗ ಇಂತಹ ಪರೀಕ್ಷೆಗೆ ಹೋಲಿಸಿ ನೋಡಬೇಕು.

ಉಪಕರಣವು ಸಾಕ್ಷಿಯೇ ಹೊರತು ನ್ಯಾಯಾಧಿಪತಿಯಲ್ಲ. ಮಾರುವವನ ಕಣ್ಣೆದುರಿನಲ್ಲಿ ಪರೀಕ್ಷೆ ನಡೆಯಬೇಕು. ಅಂಕಿಯನ್ನು ಅವನ ಪುಸ್ತಕದಲ್ಲಿ ಬರೆಯಬೇಕು. ತಕರಾರು ಬಂದರೆ ಅದೇ ಮಾದರಿಯನ್ನು ಮರಳಿ ಪರೀಕ್ಷಿಸಬೇಕು. ಅಕ್ಷರ ಬಾರದ ರೈತನು ಇದನ್ನು ಕೇಳಲು ಅಳುಕಿಯಾನು. ಅವನ ಪರವಾಗಿ ಕೇಳುವುದು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕರ್ತವ್ಯವಾಗಿರುತ್ತದೆ.