ಚಿನ್ನದ ಮುಂದಿನ ಏರು

ಕ್ರೀಡಾಪಟುವಿನ ಬದುಕನ್ನು ನಾವು ಪದಕದಿಂದ ಹಿಂದಕ್ಕೆ ಓದುತ್ತೇವೆ. ಬಡತನ, ಬೆವರು, ಅಪ್ಪ-ಅಮ್ಮನ ತ್ಯಾಗ, ಕೊನೆಗೆ ಕೊರಳಿಗೆ ಚಿನ್ನ, ಅಲ್ಲಿಗೆ ಶುಭಂ. ಸ್ವೀಡನ್ನಿನ ಮೌಂಟನ್ ಬೈಕ್ ಸ್ಪರ್ಧಿ ಯೆನ್ನಿ ರಿಸ್ವೆಡ್ಸ್ ಅವರ ವಿಷಯದಲ್ಲಿ ಓದಬೇಕಾದ ಭಾಗ ಶುರುವಾಗುವುದೇ ಆಮೇಲೆ.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವರಿಗೆ 22 ವರ್ಷ. ಕ್ರಾಸ್‌ಕಂಟ್ರಿ ಎಂಬ ಈ ಸ್ಪರ್ಧೆ ಎಳೆಯರಿಗೆ ಸುಲಭವಾಗಿ ಒಲಿಯುವಂಥದ್ದಲ್ಲ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಒಂದೇ ಸೈಕಲ್ ಹಿಡಿಸುವ ಕಾಡುದಾರಿ ಬರುವುದರೊಳಗೆ ಮುಂದೆ ನುಗ್ಗದಿದ್ದರೆ ಅಲ್ಲೇ ಸಿಕ್ಕಿಕೊಂಡ ಹಾಗೆ. ಮುಂದೆ ಒಂದೂವರೆ ಗಂಟೆ ಏರು, ಬೇರು, ಬಂಡೆ. ಚಕ್ರ ಪಂಕ್ಚರ್ ಆದರೆ ನಿಗದಿತ ಜಾಗ ತಲುಪುವ ತನಕ ಹೊರಗಿನವರು ಕೈ ಹಚ್ಚುವಂತಿಲ್ಲ. ಒಂದು ಮಾತು ಹೇಳಲೇಬೇಕು: 1996ರಲ್ಲಿ ಒಲಿಂಪಿಕ್ಸ್‌ಗೆ ಬಂದಾಗ ಈ ಆಟ ಗಂಡಸರ ಜೊತೆಗೇ ಹೆಂಗಸರನ್ನೂ ಕರೆತಂದಿತು. ಹೆಂಗಸರ ಮ್ಯಾರಥಾನ್‌ಗೆ 1984ರವರೆಗೆ ಕಾಯಿಸಿದ ಕೂಟ ಅದು.

ರಿಯೋದ ಮರುವರ್ಷವೇ ಯೆನ್ನಿ ಸೈಕಲ್ಲಿನಿಂದ ಇಳಿದರು. ಖಿನ್ನತೆ ಮತ್ತು ಊಟದ ಜೊತೆ ನಡೆಸಿದ ಹೋರಾಟ, ಎರಡನ್ನೂ ಅವರೇ ಬಹಿರಂಗವಾಗಿ ಹೇಳಿಕೊಂಡರು. ಏರು ಹತ್ತುವ ಆಟದಲ್ಲಿ ಮೈತೂಕದ ಒಂದೊಂದು ಕಿಲೋ ವೇಗದ ಲೆಕ್ಕಕ್ಕೆ ಬರುತ್ತದೆ. ತಟ್ಟೆಯ ಮುಂದೆ ಕೂತರೂ ಆ ಲೆಕ್ಕ ಬಿಡುವುದಿಲ್ಲ. ಹೀಗಿರುವಾಗ ಇದನ್ನು ಒಬ್ಬ ಹುಡುಗಿಯ ಮನೋದೌರ್ಬಲ್ಯ ಎಂದು ತಳ್ಳಿಹಾಕುವುದು ಅನ್ಯಾಯ. ಇದು ಆ ವೃತ್ತಿಗೇ ಅಂಟಿಕೊಂಡ ಅಪಾಯ, ಗಣಿ ಕೆಲಸದವರ ಎದೆಗೆ ಧೂಳು ಹೊಕ್ಕಂತೆ.

ತಿರುಗಿ ಬಂದಾಗ ಅವರು ಹಳೆಯ ದೊಡ್ಡ ತಂಡಕ್ಕೆ ಹೋಗಲಿಲ್ಲ. ಚಿಕ್ಕದೊಂದು ತಂಡ ಕಟ್ಟಿಕೊಂಡರು. ಹೆಸರು ಟೀಮ್ 31. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಕ್ಕಳಿಗೆ ಬಿಡುವಿನ, ಆಟದ ಹಕ್ಕು ಕೊಡುತ್ತದೆ. ಹೆಸರು ಬಂದದ್ದು ಅಲ್ಲಿಂದ. ಕೆಲಸವಾಗಿ ಹೋಗಿದ್ದ ಸೈಕಲ್ಲನ್ನು ಮತ್ತೆ ಆಟ ಮಾಡಿಕೊಳ್ಳಲು ಒಲಿಂಪಿಕ್ ವಿಜೇತೆಯೇ ಮಕ್ಕಳ ಕಾನೂನಿನ ಮೊರೆ ಹೋದದ್ದು ನನಗೆ ರಿಯೋದ ಚಿನ್ನಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆಯಲ್ಲಿ ವಿಶ್ವಕಪ್ ಸುತ್ತು ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕ ಬರಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಪೋಲಿನ್ ಫೆರಾಂ-ಪ್ರೆವೊ ಯಾರ ಕೈಗೂ ಸಿಗದಷ್ಟು ಮುಂದೆ ಹೋಗಿಬಿಟ್ಟರು. ಬೆಳ್ಳಿಗಾಗಿ ಅಮೆರಿಕದ ಹೇಲಿ ಬ್ಯಾಟನ್ ಮತ್ತು ಯೆನ್ನಿ ನಡುವೆ ಕಡೆಯ ಕ್ಷಣದವರೆಗೂ ಸೆಣಸಾಟ. ಬ್ಯಾಟನ್ ನೀರು-ಆಹಾರ ಕೊಡುವ ಪಟ್ಟಿಯೊಳಗೆ ನುಗ್ಗಿ, ಏನೂ ತೆಗೆದುಕೊಳ್ಳದೆ ಹಾದುಹೋದರು. ಅದು ನಿಯಮಭಂಗವೆಂದು ದಂಡ ಬಿತ್ತು, ಆದರೆ ಬೆಳ್ಳಿ ಅವರಲ್ಲೇ ಉಳಿಯಿತು. ಕೆಲವೇ ಸೆಕೆಂಡು ಹಿಂದೆ ಬಂದ ಯೆನ್ನಿಗೆ ಕಂಚು. ತೀರ್ಪು ಸರಿಯೇ ಎಂದು ಕೇಳಿದರೆ ನಾನು ಅಲ್ಲ ಎಂದೇ ಹೇಳುತ್ತೇನೆ. ದಂಡ ಕಟ್ಟಿ ಲಾಭ ಉಳಿಸಿಕೊಳ್ಳಬಹುದಾದರೆ ಅದನ್ನು ನಿಯಮ ಎನ್ನುವುದು ಹೇಗೆ?

ಮುಂದಿನ ವರ್ಷ ಯೆನ್ನಿ ಇಂಥ ಲೆಕ್ಕಕ್ಕೆ ಎಡೆಯನ್ನೇ ಕೊಡಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರಾನ್-ಮೊಂಟಾನಾದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ, ರಿಯೋ ಕಳೆದು ಒಂಬತ್ತು ವರ್ಷಗಳ ಮೇಲೆ, ಹಿರಿಯರ ಕ್ರಾಸ್‌ಕಂಟ್ರಿ ವಿಶ್ವ ಚಾಂಪಿಯನ್ ಪಟ್ಟವನ್ನು ಮೊದಲ ಬಾರಿಗೆ ಗೆದ್ದರು.